ಹಸಿರು ತ್ರಿಕೋನ

ಸಂಗೀತ ಶಾಲೆಯವರು ಈ ಸಲ ಒಟ್ಟು ಮೊತ್ತ ಒಪ್ಪಲಿಲ್ಲ.
ಗಂಟೆ ಲೆಕ್ಕ ಬೇಕಂತೆ, ಯಾವ ಕೆಲಸಕ್ಕೆ ಎಷ್ಟು ನಿಮಿಷ.
ನಾಲ್ಕು ಹಳೆಯ ಪಿಯಾನೊ, ಒಂದರ ಹೊಟ್ಟೆಯಲ್ಲಿ ಇಲಿಗೂಡು.
ನನ್ನ ಹತ್ತಿರ ಕೆಲಸ ಕಲಿಯುವ ಹುಡುಗ, ಕೌರ್,
ಫೋನು ಇಸಕೊಂಡು ಏನೋ ಹಾಕಿಕೊಟ್ಟ:
"ಲೇಲೊ, ಮಾಡಬೇಕಾದ್ದನ್ನೆಲ್ಲ ಇಲ್ಲಿ ಬರಿ.
ಶುರು ಮಾಡುವಾಗ ಹಸಿರು ತ್ರಿಕೋನ ಒತ್ತು,
ಮುಗಿದಾಗ ಕೆಂಪು ಚೌಕ. ಅಷ್ಟೇ."

ಅಷ್ಟೇ.
ಮೂವತ್ತೊಂದು ವರ್ಷ ತಾರ್ತುವಿನ ಈ ನೆಲಮಾಳಿಗೆಯಲ್ಲಿ
ಕಿಟಕಿಯಾಚೆ ಹೋಗುವ ಬೂಟುಗಳನ್ನು ನೋಡಿಯೇ
ಹೊತ್ತೆಷ್ಟಾಯಿತೆಂದು ತಿಳಿದವಳು ನಾನು:
ಬೇಕರಿಯವಳ ಹಿಟ್ಟು ಮೆತ್ತಿದ ಬೂಟು, ಮಕ್ಕಳ ಬೂಟು,
ಆಮೇಲೆ ಕತ್ತಲೆ, ಕುಡಿದವರ ಬೂಟು.

ಆಗಲಿ ಅಂತ ಬರೆದೆ.
ಸುತ್ತಿಗೆಗಳ ಉಣ್ಣೆ ಕೆರೆಯುವುದು: ಮೂರು ಗಂಟೆ ಹತ್ತು ನಿಮಿಷ.
ಇಲಿಗೂಡು ತೆಗೆಯುವುದು: ಇಪ್ಪತ್ತೆರಡು ನಿಮಿಷ
(ಅದರಲ್ಲಿ ಹದಿನೈದು, ಇಲಿ ಕಚ್ಚಿ ತಂದ ಸ್ವರಲಿಪಿಯ
ಚೂರುಗಳನ್ನು ಜೋಡಿಸಿ ಗುನುಗಿದ್ದು).
ಗೋಂದು ಕಾಯುವುದನ್ನು ಕಾಯುವುದು,
ಇದನ್ನು ಯಾವ ಖಾನೆಗೆ ಹಾಕಲಿ, ಕೌರ್?
"ಅದು ಕೆಲಸವಲ್ಲ, ಲೇಲೊ."
ಹಾಗಾದರೆ ಎರಡು ತಂತಿ ಒಂದೇ ಸ್ವರಕ್ಕೆ ಬರುವ ಮುನ್ನ
ನಡುವೆ ಒಂದು ಅಲೆ ಏಳುತ್ತದಲ್ಲ, ವಂವ್ ವಂವ್ ವಂವ್,
ಅದು ನಿಧಾನವಾಗಿ, ಇನ್ನೂ ನಿಧಾನವಾಗಿ
ಅಡಗುವವರೆಗೂ ಕಿವಿಗೊಟ್ಟು ಕೂರುತ್ತೇನಲ್ಲ,
ಅದು?
ಹುಡುಗ ಯೋಚಿಸಿ ಹೇಳಿದ:
"ಅದಕ್ಕೆ ಚಾರ್ಜ್ ಮಾಡಬಹುದು."

ಫೆಬ್ರವರಿ ಮುಗಿದ ದಿನ ಫೋನು ವರದಿ ಕೊಟ್ಟಿತು.
ದುಂಡನೆಯ ಚಿತ್ರ, ಕೊಯ್ದಿಟ್ಟ ರೈ ರೊಟ್ಟಿಯ ಹಾಗೆ.
ನಾಲ್ಕೂ ಪಿಯಾನೊ ಸೇರಿ ಮೂರರಲ್ಲಿ ಒಂದು ಪಾಲು.
ಮಿಕ್ಕದ್ದೆಲ್ಲ ಒಂದೇ ಬಣ್ಣ, ಒಂದೇ ಸಾಲು:
ತಾರ್ಮೊಗೆ ಫೋನ್ ಮಾಡುವುದು.
ಇನ್ನೂರ ಅರವತ್ತಮೂರು ಗಂಟೆ, ನಲವತ್ತು ನಿಮಿಷ.
ನೋಡುತ್ತಿದ್ದಂತೆ ನಲವತ್ತೊಂದು.

ಆಗ ನೆನಪಾಯಿತು. ಹದಿನೇಳನೆಯ ತಾರೀಕು
ಧೈರ್ಯ ಮಾಡಿ ತ್ರಿಕೋನ ಒತ್ತಿದ್ದೆ,
ಅಷ್ಟರಲ್ಲಿ ಗೋಂದು ಉಕ್ಕಿತು, ಓಡಿದೆ.
ಮೇಲೆ ಬೇರೆ ಬೇರೆ ಕೆಲಸ ಶುರುವಾಗಿ ಮುಗಿಯುತ್ತಿದ್ದರೆ
ಕೆಳಗೆ ಇದು ತನ್ನಷ್ಟಕ್ಕೆ ಓಡುತ್ತಲೇ ಇತ್ತು.

ಅಮ್ಮನ ಪಿಯಾನೊ ಬಾಗಿಲಲ್ಲಿ ಹಿಡಿಸಲಿಲ್ಲವೆಂದು
ಗರಗಸ ತಂದವನು ತಾರ್ಮೊ. ನನ್ನ ತಮ್ಮ.
ತುಂಡು ಮಾಡಿ ಸೌನಾದ ಒಲೆಗೆ ಹಾಕಿದ.
ಮರ ಚೆನ್ನಾಗಿ ಉರಿಯಿತು ಅಂತ
ಯಾರೋ ಬಂದು ಹೇಳಿದರು, ಅವರನ್ನೂ ಮರೆತಿಲ್ಲ.
ಆರು ವರ್ಷ.

"ತಪ್ಪಾಗಿದೆ, ಅಳಿಸಿಬಿಡಲಾ?" ಅಂದ ಕೌರ್.
ಬೇಡ. ತಪ್ಪು ಹೌದು,
ಬರೀ ಹನ್ನೊಂದು ದಿನ ತೋರಿಸುತ್ತಿದೆ.
ಉಣ್ಣೆ ಕೆರೆಯುತ್ತ, ಗೂಡು ತೆಗೆಯುತ್ತ
ನಾನು ಹೊತ್ತದ್ದು ಯಾವ ಹೊತ್ತು,
ಪಾಪ, ಅದಕ್ಕೇನು ಗೊತ್ತು.
ಬಿಲ್ಲಿಗೆ ಮಾತ್ರ ಸೇರಿಸಬೇಡ.

ಹುಡುಗ ಹೋದ ಮೇಲೆ ಕರೆ ಮಾಡಿದೆ.
ಎತ್ತಿದ್ದು ಅವನ ಮಗಳು, ಬೆರಿತ್.
ಕೊನೆಯ ಸಲ ನೋಡಿದಾಗ ಅವಳಿಗೆ ಹಲ್ಲು ಬಂದಿರಲಿಲ್ಲ.
"ಅಪ್ಪ ಸರೋವರದ ಮೇಲಿದ್ದಾನೆ,
ಮಂಜುಗಡ್ಡೆ ಕೊರೆದು ಮೀನಿಗೆ ಕೂತಿದ್ದಾನೆ.
ಯಾವಾಗ ಬರುತ್ತಾನೋ, ಅವನು ಗಡಿಯಾರ ಒಯ್ಯುವುದಿಲ್ಲ.
ಯಾರು ಅಂತ ಹೇಳಲಿ?"

ಪಿಯಾನೊ ರಿಪೇರಿಯವಳು ಅನ್ನು.

"ನಮ್ಮನೆಯಲ್ಲಿ ಪಿಯಾನೊ ಇಲ್ಲವಲ್ಲ."

ಗೊತ್ತು, ಅಂದೆ.

ಮುಗಿಯಿತೇ ಎಂದು ಫೋನು ಕೇಳಿತು.
ಅದನ್ನು ಉಣ್ಣೆಚೂರುಗಳ ನಡುವೆ ಬೋರಲು ಹಾಕಿ
ದೀಪ ಆರಿಸಿದೆ. ಕಿಟಕಿಯಾಚೆ
ಕುಡಿದವರ ಬೂಟುಗಳು ಶುರುವಾಗಿದ್ದವು.